ತಳ ಕಾಯಬೇಡಿ, ದಾಖಲೆ ಓದಿ

ಹೈದರಾಬಾದಿನ ಮನೆ ದಲ್ಲಾಳಿಗಳು ‘ರೇಟು ಬಿದ್ದಿದೆ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ‘ಮಾರ್ಕೆಟ್ ಸ್ವಲ್ಪ ಸ್ಲೋ’ ಎನ್ನುತ್ತಾರೆ. ನಾರಾಯಣಗೂಡದಂಥ ಹಳೆಯ ಬಡಾವಣೆಯಲ್ಲಿ ಅದನ್ನೂ ದನಿ ತಗ್ಗಿಸಿ ಹೇಳುತ್ತಾರೆ. ಒತ್ತಿನಲ್ಲೇ ಹಿಮಾಯತ್‌ನಗರ, ಬರ್ಕತ್‌ಪುರ, ಕಾಚಿಗೂಡ, ಚಿಕ್ಕಡಪಲ್ಲಿ. ಕಾಲ್ನಡಿಗೆಯಲ್ಲಿ ಕಾಲೇಜು, ಆಸ್ಪತ್ರೆ, ಮೆಟ್ರೊ. ಇಂಥ ಕಡೆ ಮನೆಯ ಬೆಲೆ ಇಳಿಯುವುದುಂಟೇ ಎಂಬ ಭಾವನೆ ಮಾರುವವರಲ್ಲೂ ಇದೆ, ಕೊಳ್ಳುವವರಲ್ಲೂ ಇದೆ.

ಇಳಿದದ್ದುಂಟು. ಅದೂ ಬಹಳ ಹಿಂದಿನ ಮಾತಲ್ಲ.

2008ರಲ್ಲಿ ಅಮೆರಿಕದ ಲೇಮನ್ ಬ್ರದರ್ಸ್ ಮುಳುಗಿದ ಪೆಟ್ಟು ಇಲ್ಲಿನ ಐಟಿ ಸಂಬಳಗಳಿಗೆ ತಟ್ಟುತ್ತಿರುವಾಗಲೇ, 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ರಾಮಲಿಂಗ ರಾಜು ಲೆಕ್ಕಪತ್ರ ತಿದ್ದಿದ್ದನ್ನು ಪತ್ರ ಬರೆದು ಒಪ್ಪಿಕೊಂಡರು. ಅವರ ಕುಟುಂಬದ ಇನ್ನೊಂದು ಕಂಪನಿ ಮೇಟಾಸ್ ಪ್ರಾಪರ್ಟೀಸ್ ಬಾಚುಪಲ್ಲಿಯಲ್ಲಿ ಮನೆ ಕಟ್ಟುತ್ತಿತ್ತು. ಅಲ್ಲಿ ದುಡ್ಡು ಕಟ್ಟಿದವರು ಅರ್ಧಕ್ಕೆ ನಿಂತ ಗೋಡೆಗಳನ್ನು ನೋಡುತ್ತ ಕೂರಬೇಕಾಯಿತು. ಅದೇ ವರ್ಷದ ನವೆಂಬರ್ 29ಕ್ಕೆ ಪ್ರತ್ಯೇಕ ರಾಜ್ಯಕ್ಕಾಗಿ ಕೆ. ಚಂದ್ರಶೇಖರ ರಾವ್ ಅವರ ಉಪವಾಸ, ಡಿಸೆಂಬರ್ 9ರ ರಾತ್ರಿ ಗೃಹ ಸಚಿವ ಚಿದಂಬರಂ ಅವರಿಂದ ತೆಲಂಗಾಣ ರಚನೆಯ ಪ್ರಕ್ರಿಯೆ ಶುರು ಎಂಬ ಘೋಷಣೆ. ಅಲ್ಲಿಂದ 2014ರ ಜೂನ್ 2ರಂದು ಹೊಸ ರಾಜ್ಯ ಹುಟ್ಟುವವರೆಗೆ ಊರಿನ ಮೇಲೆ ಅನುಮಾನದ ಮೋಡ. ನಾರಾಯಣಗೂಡಕ್ಕೆ ಉಸ್ಮಾನಿಯಾ ವಿಶ್ವವಿದ್ಯಾಲಯವೂ ದೂರವಲ್ಲ, ಟ್ಯಾಂಕ್‌ಬಂಡ್ ಕೂಡ ದೂರವಲ್ಲ. 2011ರ ಮಾರ್ಚ್ 10ರ ಮಿಲಿಯನ್ ಮಾರ್ಚ್, ಅದೇ ವರ್ಷ 42 ದಿನ ನಡೆದ ಸಕಲ ಜನರ ಮುಷ್ಕರ ಎಲ್ಲವೂ ಈ ಸುತ್ತಿನ ಅಂಗಡಿಗಳ ಶಟರ್ ಎಳೆಸಿದವು. ಹೈದರಾಬಾದು ಕೇಂದ್ರಾಡಳಿತ ಪ್ರದೇಶವಾಗುತ್ತದಂತೆ, ಕರಾವಳಿ ಆಂಧ್ರದವರು ಬಂಡವಾಳ ವಾಪಸು ಒಯ್ಯುತ್ತಾರಂತೆ, ಕಂಪನಿಗಳು ಬೆಂಗಳೂರಿಗೆ ಹೊರಟಿವೆಯಂತೆ. ಈ ‘ಅಂತೆ’ಗಳ ನಡುವೆ ಮನೆ ಕೊಳ್ಳುವ ಧೈರ್ಯ ಯಾರಿಗಿದ್ದೀತು?

ರಾಷ್ಟ್ರೀಯ ವಸತಿ ಬ್ಯಾಂಕು 2007ರ ಬೆಲೆಯನ್ನು 100 ಎಂದಿಟ್ಟುಕೊಂಡು ನಗರಗಳ ಮನೆ ದರದ ಸೂಚ್ಯಂಕ ಪ್ರಕಟಿಸುತ್ತಿತ್ತು. 2012-13ರ ಹೊತ್ತಿಗೂ ಹೈದರಾಬಾದಿನ ಅಂಕಿ ನೂರರ ಕೆಳಗೇ ಇತ್ತು. ಈ ಅಂಕಿ ಹೇಳಿದ್ದು ಅರ್ಧ ಸತ್ಯ ಮಾತ್ರ, ಏಕೆಂದರೆ ಅದೇ ಅವಧಿಯಲ್ಲಿ ದೇಶದ ಹಣದುಬ್ಬರ ವರ್ಷಕ್ಕೆ ಶೇ 8ರಿಂದ 12ರ ನಡುವೆ ಓಡುತ್ತಿತ್ತು. 40 ಲಕ್ಷದ ಮನೆ ನಾಲ್ಕು ವರ್ಷ 40 ಲಕ್ಷವಾಗಿಯೇ ನಿಂತರೆ, ಅದರ ನಿಜವಾದ ಬೆಲೆ ಮೂರರಲ್ಲಿ ಒಂದು ಪಾಲು ಕರಗಿದ ಹಾಗೆ. ಮಾಲೀಕರ ಬಾಯಲ್ಲಿ ಮಾತ್ರ ‘ನಮ್ಮ ಏರಿಯಾದಲ್ಲಿ ರೇಟು ಬೀಳಲಿಲ್ಲ’ ಎಂಬ ಹೆಮ್ಮೆ ಹಾಗೆಯೇ ಉಳಿಯಿತು.

ಈ ಹೆಮ್ಮೆಗೆ ವಿದ್ವಾಂಸರು ಲೆಕ್ಕ ಕಟ್ಟಿದ್ದಾರೆ. ಡೇವಿಡ್ ಜೆನೆಸೋವ್, ಕ್ರಿಸ್ಟೋಫರ್ ಮೇಯರ್ ಎಂಬ ಅರ್ಥಶಾಸ್ತ್ರಜ್ಞರು 1990ರ ದಶಕದ ಬೋಸ್ಟನ್ ನಗರದ ಫ್ಲ್ಯಾಟ್ ಮಾರಾಟಗಳನ್ನು ಅಭ್ಯಸಿಸಿ 2001ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಾವು ಕೊಂಡ ಬೆಲೆಗಿಂತ ಮಾರುಕಟ್ಟೆ ಕೆಳಗಿಳಿದಾಗ ಜನ ನಷ್ಟ ಒಪ್ಪುವುದಿಲ್ಲ. ಆ ಅಂತರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟನ್ನು ಹೇಳುವ ಬೆಲೆಗೇ ಸೇರಿಸಿ, ಮನೆ ಮಾರಾಟವಾಗದೆ ತಿಂಗಳುಗಟ್ಟಲೆ ಕಾಯುತ್ತಾರೆ ಎಂಬುದು ಅವರು ಕಂಡದ್ದು. ನಾರಾಯಣಗೂಡದ ಹಳೆಯ ಅಪಾರ್ಟ್‌ಮೆಂಟುಗಳಿಗೆ ಇದನ್ನು ಹಾಗೇ ಅನ್ವಯಿಸಬಹುದು. ಮಾಲೀಕರು ನಿವೃತ್ತರು, ಮಕ್ಕಳು ಡಲ್ಲಾಸಿನಲ್ಲೋ ಬೆಂಗಳೂರಿನಲ್ಲೋ. ಸಾಲ ಎಂದೋ ತೀರಿದೆ, ಮಾರಲೇಬೇಕಾದ ತುರ್ತಿಲ್ಲ. ಅಲ್ಲಿ ಮೊದಲು ಕಡಿಮೆಯಾಗುವುದು ಮಾರಾಟ. ದರ ಇಳಿಯುವುದು ಆಮೇಲೆ, ಅದೂ ಬಾಗಿಲು ಹಾಕಿಕೊಂಡು ನಡೆದ ಮಾತುಕತೆಯಲ್ಲಿ. ಊರಾಚೆ ಕೋಕಾಪೇಟೆ, ತೆಲ್ಲಾಪುರದ ಹೊಸ ಗೋಪುರಗಳಲ್ಲಾದರೆ ಬಿಲ್ಡರ್ ಬೇರೆ ವೇಷ ಹಾಕುತ್ತಾನೆ: ನೋಂದಣಿ ಖರ್ಚು ನಮ್ಮದು, ಕಾರ್ ಪಾರ್ಕಿಂಗ್ ಉಚಿತ, ಅಡುಗೆಮನೆಯ ಕಪಾಟುಗಳೂ ಸೇರಿವೆ. ಜಾಹೀರಾತಿನ ಚದರಡಿ ದರ ಮಾತ್ರ ಅಲ್ಲಾಡದು.

ಹಾಗಾಗಿ ‘ತಳ ಮುಟ್ಟಿದ ಮೇಲೆ ಕೊಳ್ಳೋಣ’ ಎಂದು ಕಾಯುವವರು ಕಾಣದ ವಸ್ತುವಿಗೆ ಕಾಯುತ್ತಿದ್ದಾರೆ. ಷೇರಿನ ದರ ಅಂದು ಸಂಜೆಯೇ ಟಿ.ವಿ.ಯಲ್ಲಿ ಕಾಣುತ್ತದೆ. ಮನೆಯ ತಳ ಗೊತ್ತಾಗುವುದು ಅದನ್ನು ದಾಟಿ ಎರಡು ವರ್ಷವಾದ ಮೇಲೆ.

ಕಾಯುವುದೇ ತಪ್ಪೆಂದು ಇದರ ಅರ್ಥವಲ್ಲ. ಒಂದು ಲೆಕ್ಕ ಹಾಕಿ ನೋಡಬಹುದು. 75 ಲಕ್ಷದ ಫ್ಲ್ಯಾಟು. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಮಟ್ಟದ ಸಾಲಕ್ಕೆ ಬೆಲೆಯ ಶೇ 80ರವರೆಗೆ, ಅಂದರೆ 60 ಲಕ್ಷ ಸಿಗುತ್ತದೆ. ಕೈಯಿಂದ 15 ಲಕ್ಷ. ತೆಲಂಗಾಣದಲ್ಲಿ ಮುದ್ರಾಂಕ, ವರ್ಗಾವಣೆ ಮತ್ತು ನೋಂದಣಿ ಶುಲ್ಕ ಸೇರಿ ಶೇ 7.5, ಅದು 5.6 ಲಕ್ಷ, ಇದಕ್ಕೆ ಬ್ಯಾಂಕು ಸಾಲ ಕೊಡದು. ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 50,200 ರೂಪಾಯಿ. ಮೊದಲ ವರ್ಷ ಕಟ್ಟಿದ ಆರು ಲಕ್ಷದಲ್ಲಿ ಬಡ್ಡಿಗೇ 4.75 ಲಕ್ಷ ಹೋಗುತ್ತದೆ. ಅದೇ ಫ್ಲ್ಯಾಟಿನಲ್ಲಿ ಬಾಡಿಗೆಗೆ ಇದ್ದರೆ, ತಿಂಗಳಿಗೆ 20 ಸಾವಿರವೆಂದು ಹಿಡಿದರೂ, ವರ್ಷಕ್ಕೆ 2.4 ಲಕ್ಷ. ಜೊತೆಗೆ ಕೈಯಲ್ಲುಳಿದ 20 ಲಕ್ಷಕ್ಕೆ ಬ್ಯಾಂಕ್ ಠೇವಣಿಯಿಂದ ಒಂದು ಲಕ್ಷದ ಮೇಲೆ ಬರುತ್ತದೆ. ಎಲ್ಲ ಕೂಡಿ ನೋಡಿದರೆ, ಬೆಲೆ ಏರದ ವರ್ಷದಲ್ಲಿ ಬಾಡಿಗೆದಾರ ಸುಮಾರು ಮೂರೂವರೆ ಲಕ್ಷ ಮುಂದಿರುತ್ತಾನೆ. ಮನೆಯ ಬೆಲೆ ವರ್ಷಕ್ಕೆ ಶೇ 5ರಷ್ಟಾದರೂ ಏರದಿದ್ದರೆ ಕೊಂಡವರ ಲೆಕ್ಕ ಸರಿದೂಗದು.

ಇನ್ನೊಂದು ಮಗ್ಗುಲೂ ಇದೆ. ಬೆಲೆ ಶೇ 10 ಇಳಿದರೆ ಏಳೂವರೆ ಲಕ್ಷ ಹೋಯಿತು. ಅದರಲ್ಲಿ ಬ್ಯಾಂಕಿನ ಪಾಲು ಒಂದು ಪೈಸೆಯೂ ಇಲ್ಲ. ಕೈಯಿಂದ ಹಾಕಿದ 15 ಲಕ್ಷದಲ್ಲಿ ಅರ್ಧವೇ ಹೋಯಿತು. ಎರಡು ಮೂರು ವರ್ಷಕ್ಕೆ ವರ್ಗವಾಗುವ ನೌಕರಿಯವರು, ಅಮೆರಿಕದ ವೀಸಾ ಬಂದರೆ ಹೊರಟುಬಿಡುವವರು ಇಂಥ ಕಾಲದಲ್ಲಿ ಕೊಳ್ಳದಿರುವುದೇ ಲೇಸು. 2025ರಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ 6.5ರಿಂದ 5.25ಕ್ಕೆ ಇಳಿಸಿ ಕಂತಿನ ಭಾರ ಕೊಂಚ ತಗ್ಗಿಸಿತು, ನಿಜ. ಆದರೆ ಇಂದಿನ ಸಾಲಗಳಲ್ಲಿ ಹೆಚ್ಚಿನವು ಬದಲಾಗುವ ಬಡ್ಡಿಯವು. ಇಳಿದ ದರವೇ 20 ವರ್ಷ ಉಳಿಯುತ್ತದೆಂದು ನಂಬಿ ಮನೆಯ ಅಳತೆ ಹಿಗ್ಗಿಸುವುದು ಜಾಣತನವಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಹತ್ತು ವರ್ಷ ಅಲ್ಲೇ ಇರುವವರು. ನಾರಾಯಣಗೂಡ, ಕಾಚಿಗೂಡದ ಸುತ್ತ ಅಂಥ ಕನ್ನಡದ ಕುಟುಂಬಗಳು ಅನೇಕ. ಕಲಬುರಗಿ, ಬೀದರ್, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಓದಿಗೆ, ನೌಕರಿಗೆ, ಹೈಕೋರ್ಟಿನ ಕೆಲಸಕ್ಕೆ ಬಂದವರು ಇಲ್ಲೇ ಬೇರು ಬಿಟ್ಟರು; ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಅದಕ್ಕೆ ಸಾಕ್ಷಿ. ಇಂಥವರಿಗೆ ಮನೆ ಎಂದರೆ ಮಾರುವ ಸರಕಲ್ಲ. ನಡುವಿನ ಏರಿಳಿತ ಅವರ ಅಡುಗೆಮನೆಗೆ ತಟ್ಟುವುದಿಲ್ಲ. 2011ರಲ್ಲಿ, ಬಂದ್‌ಗಳ ನಡುವೆ ನಾರಾಯಣಗೂಡದಲ್ಲಿ ಮನೆ ಕೊಂಡವರ ಮನೆ ಬಾಗಿಲಿಗೆ 2020ರ ಫೆಬ್ರವರಿಯಲ್ಲಿ ಮೆಟ್ರೊ ಬಂತು. ಬಾಲ್ಕನಿಯೆದುರು ಕಾಂಕ್ರೀಟ್ ಕಂಬವೂ ಬಂತೆನ್ನಿ.

ಈ ಕತೆಯನ್ನು ಹೈದರಾಬಾದಿನಲ್ಲಿ ಬಹಳ ಮಂದಿ ತಪ್ಪಾಗಿ ಹೇಳುತ್ತಾರೆ. ‘ಬಿದ್ದಾಗ ಕೊಂಡವನೇ ಗೆದ್ದ, ನೋಡಿ, 2023ರ ಆಗಸ್ಟಿನಲ್ಲಿ ಕೋಕಾಪೇಟೆಯ ಸರ್ಕಾರಿ ಹರಾಜಿನಲ್ಲಿ ಒಂದು ಎಕರೆ 100.75 ಕೋಟಿಗೆ ಹೋಯಿತು’ ಎಂಬುದು ಅವರ ವಾದ. ಮೇಟಾಸ್‌ಗೆ ಹಣ ಕಟ್ಟಿದವರೂ ಕೊಂಡದ್ದು ಅದೇ ಬಿದ್ದ ಮಾರುಕಟ್ಟೆಯಲ್ಲಿ ಅಥವಾ ಅದರ ಹೊಸ್ತಿಲಲ್ಲಿ. ಅವರು ಗೆಲ್ಲಲಿಲ್ಲ. ವ್ಯತ್ಯಾಸ ಇಸವಿಯಲ್ಲಿಲ್ಲ. ಒಬ್ಬರು ನಿಂತಿರುವ ಮನೆ ಕೊಂಡರು, ಇನ್ನೊಬ್ಬರು ನಕ್ಷೆ ಕೊಂಡರು.

ದರ ಇಳಿಯುವ ಕಾಲದಲ್ಲಿ ಕಟ್ಟುವವನ ಕೈಯೇ ಮೊದಲು ಬರಿದಾಗುತ್ತದೆ. ಹೊಸ ಬುಕಿಂಗ್‌ನ ಹಣದಿಂದ ಹಳೆಯ ಕಟ್ಟಡ ಏಳಿಸುವ ಪದ್ಧತಿ ಇದ್ದ ಕಡೆ, ಬುಕಿಂಗ್ ನಿಂತ ದಿನವೇ ಸಿಮೆಂಟೂ ನಿಲ್ಲುತ್ತದೆ. ಚೀನಾದ ಎವರ್‌ಗ್ರಾಂಡ್ 2021ರಲ್ಲಿ ಸಾಲದ ಬಾಕಿ ಕಟ್ಟಲಾಗದೆ ಕೈಯೆತ್ತಿತು. ಮರುವರ್ಷ ಅರ್ಧ ಕಟ್ಟಿದ ಗೋಪುರಗಳ ಖರೀದಿದಾರರು ‘ಮನೆ ಕೊಡಿ, ಆಮೇಲೆ ಕಂತು’ ಎಂದು ಬ್ಯಾಂಕುಗಳಿಗೆ ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಹೈದರಾಬಾದಿನಲ್ಲಿ ಇದರ ಸಣ್ಣ ರೂಪ ‘ಪ್ರೀ-ಲಾಂಚ್’. ರೇರಾ ನೋಂದಣಿಗೂ ಮುನ್ನವೇ, ಕೆಲವೊಮ್ಮೆ ಜಮೀನು ಕೈಗೆ ಬರುವ ಮುನ್ನವೇ, ಅರ್ಧ ಬೆಲೆಗೆ ಫ್ಲ್ಯಾಟು ಎಂದು ಪೂರ್ತಿ ಹಣ ಎತ್ತುವುದು. ಅಮೀನ್‌ಪುರದಲ್ಲಿ ಹೀಗೆ ನೂರಾರು ಜನರಿಂದ ಹಣ ಪಡೆದ ಸಾಹಿತಿ ಇನ್‌ಫ್ರಾಟೆಕ್ ಕಂಪನಿಯ ಮುಖ್ಯಸ್ಥರನ್ನು ಪೊಲೀಸರು 2022ರ ಡಿಸೆಂಬರಿನಲ್ಲಿ ಬಂಧಿಸಿದರು. 2016ರ ರೇರಾ ಕಾಯ್ದೆ ಖರೀದಿದಾರರ ಹಣದ ಶೇ 70ನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿ ಇಡಬೇಕೆನ್ನುತ್ತದೆ. ನೋಂದಣಿಯೇ ಆಗದ ಯೋಜನೆಗೆ ಯಾವ ಖಾತೆ, ಎಲ್ಲಿಯ ಶೇ 70? ಇಳಿಯುವ ಪೇಟೆಯಲ್ಲಿ ಕಟ್ಟಿ ಮುಗಿದ ಮನೆಯೊಂದೇ ಮನೆ. ಅದಕ್ಕೆ ವಾಸಯೋಗ್ಯ ಪ್ರಮಾಣಪತ್ರವೂ ಬಂದಿದ್ದರೆ ಶೇ 5ರ ಜಿಎಸ್‌ಟಿಯೂ ಇಲ್ಲ.

ಹಳೆಯ ಬಡಾವಣೆಯ ಮನೆ ನಿಂತಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಇದೇ ಜಾಗದಲ್ಲಿ ಇಳಿದ ದರ ಕೊಳ್ಳುವವರಿಗೆ ಒಂದು ಉಪಕಾರ ಮಾಡುತ್ತದೆ, ಅದು ರೂಪಾಯಿಯದ್ದಲ್ಲ. 2022-23ರ ಭರಾಟೆಯಲ್ಲಿ ಬೆಳಿಗ್ಗೆ ನೋಡಿದ ಫ್ಲ್ಯಾಟಿಗೆ ಸಂಜೆಯೊಳಗೆ ಸಂಚಕಾರ ಕೊಡದಿದ್ದರೆ ಅದು ಬೇರೆಯವರ ಪಾಲು ಎಂದು ಹೆದರಿಸುತ್ತಿದ್ದರು. ಪೇಟೆ ತಣ್ಣಗಾದಾಗ ಹದಿನೈದು ದಿನ, ಒಂದು ತಿಂಗಳು ಸಿಗುತ್ತದೆ. ಆ ತಿಂಗಳಲ್ಲಿ ಓದಬೇಕಾದ್ದು ಬಹಳ.

ನಾರಾಯಣಗೂಡದ ಬಹಳಷ್ಟು ಅಪಾರ್ಟ್‌ಮೆಂಟುಗಳು ಹಳೆಯ ಅಂಗಳದ ಮನೆಗಳನ್ನು ಕೆಡವಿ ಎದ್ದವು. ಮೂಲ ಕ್ರಯಪತ್ರ ನಿಜಾಮರ ಕಾಲದ ಉರ್ದುವಿನಲ್ಲಿರಬಹುದು. ಕಲಬುರಗಿ, ಬೀದರಿನವರಿಗೆ ತಾತನ ಪೆಟ್ಟಿಗೆಯ ಕಾಗದಗಳಿಂದ ಇದು ಪರಿಚಿತ. ಅದನ್ನು ಓದಿಸಬೇಕು. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ಎಲ್ಲರ ಸಹಿ ಇದೆಯೇ, ಹೆಣ್ಣುಮಕ್ಕಳದ್ದೂ? ಮೂಲದಿಂದ ಈವರೆಗಿನ ಲಿಂಕ್ ಡಾಕ್ಯುಮೆಂಟುಗಳ ಸರಪಳಿ ಎಲ್ಲಾದರೂ ತುಂಡಾಗಿದೆಯೇ? ಇ.ಸಿ. (ಋಣಭಾರ ಪ್ರಮಾಣಪತ್ರ) ಎಷ್ಟು ವರ್ಷದ್ದು? ಕಟ್ಟಡಕ್ಕೆ ಮಂಜೂರಾದದ್ದು ನಾಲ್ಕು ಮಹಡಿ, ನಿಂತಿರುವುದು ಐದಾದರೆ, ಮಾರಾಟಕ್ಕಿರುವ ಫ್ಲ್ಯಾಟು ಆ ಐದನೆಯದೇ? ಇಂಥ ಕಟ್ಟಡಗಳನ್ನು ಸಕ್ರಮಗೊಳಿಸಲು ತೆಲಂಗಾಣ ಸರ್ಕಾರ 2015ರಲ್ಲಿ ತಂದ ಬಿಆರ್‌ಎಸ್ ಯೋಜನೆ ಹೈಕೋರ್ಟಿನ ಮೆಟ್ಟಿಲೇರಿತು. ‘ಅರ್ಜಿ ಹಾಕಿದ್ದೇವೆ’ ಎಂಬ ರಸೀದಿ ಸಕ್ರಮದ ಆದೇಶವಲ್ಲ.

ಕಾಗದ ಓದದಿದ್ದರೆ ಏನಾಗುತ್ತದೆಂಬುದನ್ನು ಕೆರೆ ಒತ್ತುವರಿ ತೆರವಿಗೆಂದು 2024ರ ಜುಲೈನಲ್ಲಿ ಹುಟ್ಟಿದ ಹೈಡ್ರಾ ಸಂಸ್ಥೆ ಊರಿಗೇ ತೋರಿಸಿತು. ಆಗಸ್ಟ್ 24ರಂದು ಮಾದಾಪುರದ ಎನ್ ಕನ್ವೆನ್ಷನ್ ಸಭಾಂಗಣ ಉರುಳಿದ್ದು ದೊಡ್ಡ ಸುದ್ದಿಯಾಯಿತು, ಮಾಲೀಕರು ಚಿತ್ರನಟರಾದ್ದರಿಂದ. ಸೆಪ್ಟೆಂಬರಿನಲ್ಲಿ ಮಲ್ಲಂಪೇಟೆಯ ಕೆರೆಯಂಚಿನ ವಿಲ್ಲಾಗಳು ನೆಲಕಚ್ಚಿದ್ದು ಅಷ್ಟು ದೊಡ್ಡ ಸುದ್ದಿಯಾಗಲಿಲ್ಲ, ಕೊಳ್ಳುವವರು ಗಮನಿಸಬೇಕಾದ್ದು ಅದನ್ನೇ. ಆ ನಂತರ ಊರಿನಲ್ಲಿ ಮನೆ ಮಾರಾಟ ನಿಧಾನವಾದದ್ದಕ್ಕೆ ಹೈಡ್ರಾವನ್ನು ದೂರುವ ಬಿಲ್ಡರುಗಳಿದ್ದಾರೆ. ದೂರಬೇಕಾದ್ದು ಕೆರೆಯೊಳಗೆ ಕಟ್ಟಲು ಅನುಮತಿ ಕೊಟ್ಟ ಸಹಿಗಳನ್ನು.

ಇಳಿದ ದರದಲ್ಲೇ ಅಡಗಿರುವ ಒಂದು ಬಲೆ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಸರ್ಕಾರ 2021ರ ಜುಲೈ, 2022ರ ಫೆಬ್ರವರಿಗಳಲ್ಲಿ ತನ್ನ ನೋಂದಣಿ ಮೌಲ್ಯಗಳನ್ನು ಏರಿಸಿತು. ಸಾಮಾನ್ಯವಾಗಿ ಅವು ಪೇಟೆ ದರಕ್ಕಿಂತ ಕೆಳಗಿರುತ್ತವೆ. ಹಳೆಯ, ಲಿಫ್ಟಿಲ್ಲದ ಕಟ್ಟಡದಲ್ಲಿ ಚೌಕಾಸಿ ಮಾಡಿ ಅದಕ್ಕೂ ಕಡಿಮೆಗೆ ಕೊಂಡರೆ ಮುದ್ರಾಂಕ ಶುಲ್ಕ ಸರ್ಕಾರಿ ಮೌಲ್ಯದ ಮೇಲೆಯೇ. ಆ ಮೌಲ್ಯ ಕೊಟ್ಟ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ ವ್ಯತ್ಯಾಸವನ್ನು ಆದಾಯ ತೆರಿಗೆಯವರು ಕೊಂಡವರ ಆದಾಯವೆಂದೇ ಎಣಿಸುತ್ತಾರೆ. ಗೆದ್ದ ಚೌಕಾಸಿಗೆ ತೆರಿಗೆ!

ಇಷ್ಟೆಲ್ಲ ನೋಡಿ, ಪಾಲಿಗೆ ಬರುವ ಅವಿಭಾಜ್ಯ ಜಮೀನು ಎಷ್ಟು ಗಜವೆಂದು ಕ್ರಯಪತ್ರದಲ್ಲೇ ಖಚಿತಪಡಿಸಿಕೊಂಡು (ಮೂವತ್ತು ವರ್ಷದ ಕಟ್ಟಡದಲ್ಲಿ ನಿಜವಾಗಿ ಕೊಳ್ಳುತ್ತಿರುವುದು ಆ ಗಜಗಳನ್ನೇ), ಬೆಲೆ ಕೈಗೆಟುಕುವಂತಿದ್ದರೆ ಇನ್ನೆರಡು ಲಕ್ಷ ಇಳಿಯಲೆಂದು ಕೂರಬೇಕಿಲ್ಲ. ಉಳಿದದ್ದು ಸಂಚಕಾರ ಪತ್ರ. ವಕೀಲರ ಅಭಿಪ್ರಾಯ ವ್ಯತಿರಿಕ್ತವಾಗಿ ಬಂದರೆ ಅಥವಾ ಬ್ಯಾಂಕು ಸಾಲ ನಿರಾಕರಿಸಿದರೆ ಮುಂಗಡವನ್ನು ಪೂರ್ತಿ ವಾಪಸು ಕೊಡತಕ್ಕದ್ದು ಎಂಬ ಸಾಲು ಅದರಲ್ಲಿರಬೇಕು. 2023ರಲ್ಲಿ ಹೀಗೆ ಕೇಳಿದವರಿಗೆ ಮಾರುವವರು ನಕ್ಕು, ಹೊರಗೆ ಕಾಯುತ್ತಿದ್ದ ಇನ್ನೊಬ್ಬರನ್ನು ಒಳಗೆ ಕರೆಯುತ್ತಿದ್ದರು. ಈಗ ಬರೆದುಕೊಡುತ್ತಾರೆ.