ಹತ್ತು ಸಾವಿರ ರೂಪಾಯಿಯ ದಂಡಕ್ಕೆ ಯಾವ ಆ್ಯಪ್ ಬದಲಾದೀತು?

ಅಂಗವಿಕಲರಿಗೆ ಸ್ಮಾರ್ಟ್‌ಫೋನ್‌ನಿಂದ ಆಗುವ ಉಪಯೋಗದ ಮಾತು ಬಂದಾಗಲೆಲ್ಲ, ನೋಟಿನ ಮುಖಬೆಲೆಯನ್ನು ಧ್ವನಿಯಲ್ಲಿ ತಿಳಿಸುವ ರಿಸರ್ವ್ ಬ್ಯಾಂಕಿನ ‘ಮಣಿ’, ಕ್ಯಾಮೆರಾದ ಎದುರಿಗಿರುವುದನ್ನು ವಿವರಿಸುವ ಮೈಕ್ರೊಸಾಫ್ಟ್‌ನ ‘ಸೀಯಿಂಗ್ ಎಐ’, ಆಡಿದ ಮಾತನ್ನು ಆ ಕ್ಷಣವೇ ಅಕ್ಷರಕ್ಕಿಳಿಸುವ ಗೂಗಲ್‌ನ ‘ಲೈವ್ ಟ್ರಾನ್ಸ್‌ಕ್ರೈಬ್’ ಮುಂತಾದ ವಿಶೇಷ ಆ್ಯಪ್‌ಗಳ ಪಟ್ಟಿಯೇ ಮುಂದೆ ಬರುತ್ತದೆ. ಅವುಗಳ ಪ್ರಯೋಜನ ನಿರ್ವಿವಾದ. ಆದರೆ ಅಂಧರ ದಿನನಿತ್ಯದ ವ್ಯವಹಾರ ನಡೆಯಬೇಕಾದುದು ಎಲ್ಲರೂ ಬಳಸುವ ಬ್ಯಾಂಕ್, ಟಿಕೆಟ್, ಔಷಧ ಹಾಗೂ ಸರ್ಕಾರಿ ಸೇವೆಗಳ ಆ್ಯಪ್‌ಗಳಲ್ಲಿ. ಅವುಗಳಲ್ಲಿ ಹಲವು ಇನ್ನೂ ಅವರ ಬಳಕೆಗೆ ಒದಗದಿರುವುದಕ್ಕೆ ತಂತ್ರಜ್ಞಾನದ ಕೊರತೆಗಿಂತ ದೊಡ್ಡ ಕಾರಣ, ಅಂಗವಿಕಲರ ಹಕ್ಕುಗಳ ಕಾಯ್ದೆಯೊಳಗೇ ಇರುವ 10,000 ರೂಪಾಯಿ ಎಂಬ ದಂಡದ ಮೊತ್ತ.

ಆ್ಯಸಿಡ್ ದಾಳಿಗೊಳಗಾದವರು ಹೂಡಿದ್ದ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿ, 20 ನಿರ್ದೇಶನಗಳನ್ನು ಕೊಟ್ಟಿತು. ಗ್ರಾಹಕರ ಗುರುತನ್ನು ಆನ್‌ಲೈನ್‌ನಲ್ಲೇ ಖಚಿತಪಡಿಸಿಕೊಳ್ಳುವ ಇ–ಕೆವೈಸಿ ಪ್ರಕ್ರಿಯೆಯಲ್ಲಿ, ಎದುರಿಗಿರುವುದು ಜೀವಂತ ವ್ಯಕ್ತಿ ಎಂಬುದಕ್ಕೆ ಪುರಾವೆಯಾಗಿ ಕಣ್ಣು ಮಿಟುಕಿಸಲು ಕೇಳಲಾಗುತ್ತಿತ್ತು. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗಳಿಗೇ ಹಾನಿಯಾದವರು ಇದನ್ನು ಮಾಡುವುದಾದರೂ ಹೇಗೆ? ತೀರ್ಪು ಹಕ್ಕನ್ನು ಎತ್ತಿಹಿಡಿದದ್ದನ್ನು ಎಲ್ಲರೂ ಸ್ವಾಗತಿಸಿದರು. ಆ ಹಕ್ಕನ್ನು ಕಡೆಗಣಿಸಿದವರು ತೆರಬೇಕಾದ ಬೆಲೆ ಎಷ್ಟು ಎಂದು ಕೇಳಿದವರು ವಿರಳ.

ಅಂಗವಿಕಲರ ಹಕ್ಕುಗಳ ಕಾಯ್ದೆ–2016ರ 46ನೇ ಸೆಕ್ಷನ್, ಸರ್ಕಾರಿ ಮತ್ತು ಖಾಸಗಿ ಸೇವಾದಾತರೆಲ್ಲರೂ ನಿಯಮಗಳು ಪ್ರಕಟವಾದ ಎರಡು ವರ್ಷದೊಳಗೆ ತಮ್ಮ ಸೇವೆಗಳು ಅಂಗವಿಕಲರಿಗೆ ದೊರಕುವಂತೆ ಮಾಡಬೇಕೆಂದು ವಿಧಿಸುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದದ್ದು 2019ರಲ್ಲಿ. ಗಡುವು ಮೀರಿದವರಿಗೆ 89ನೇ ಸೆಕ್ಷನ್ ಮೊದಲ ಸಲಕ್ಕೆ ವಿಧಿಸುವುದು ಹೆಚ್ಚೆಂದರೆ 10,000 ರೂಪಾಯಿ ದಂಡ. ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ಎಂದಿದೆಯಾದರೂ, ಎರಡನೆಯ ತಪ್ಪನ್ನು ಲೆಕ್ಕಕ್ಕೆ ಹಿಡಿಯಲು ಮೊದಲನೆಯದು ಸಾಬೀತಾಗಿರಬೇಕು, ಅದಕ್ಕೆ ಸಾಮಾನ್ಯವಾಗಿ ತೊಂದರೆಗೊಳಗಾದವರೇ ದೂರು ಹೊತ್ತು ಅಲೆಯಬೇಕು. ದೊಡ್ಡ ಬ್ಯಾಂಕಿನ ಆ್ಯಪನ್ನು ಪರಿಣತರಿಂದ ಒಮ್ಮೆ ತಪಾಸಣೆ ಮಾಡಿಸಲು ಆಗುವ ಖರ್ಚೂ ಮೊದಲ ಸಲದ ಈ ದಂಡಕ್ಕಿಂತ ಹೆಚ್ಚು. ಹೀಗಿರುವಾಗ ಕಾಯ್ದೆಯನ್ನು ಪಾಲಿಸದಿರುವುದೇ ಸಂಸ್ಥೆಗಳಿಗೆ ಅಗ್ಗವಾಗಿದೆ.

ಆಗಬೇಕಾದ ಕೆಲಸವೇನೂ ಅಸಾಧ್ಯವಾದುದಲ್ಲ. ಅಂಧರು ಫೋನ್ ಬಳಸುವುದು ಪರದೆಯ ಮೇಲಿರುವುದನ್ನು ಓದಿ ಹೇಳುವ ‘ಸ್ಕ್ರೀನ್ ರೀಡರ್’ನ ನೆರವಿನಿಂದ, ಬೆರಳು ಸರಿಸಿದಂತೆ ಅದು ಒಂದೊಂದೇ ಗುಂಡಿಯ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಗುಂಡಿ ಒತ್ತಿದಂತಾಗುತ್ತದೆ. ಆ್ಯಪ್ ರೂಪಿಸಿದವರು ಬಾಣದ ಚಿತ್ರವಿರುವ ಗುಂಡಿಗೆ ‘ಹಣ ಕಳುಹಿಸಿ’ ಎಂಬ ಹೆಸರನ್ನು ಕೋಡ್‌ನಲ್ಲಿ ಬರೆದಿರದಿದ್ದರೆ, ಕಿವಿಗೆ ಬೀಳುವುದು ‘ಹೆಸರಿಲ್ಲದ ಬಟನ್’ ಎಂದಷ್ಟೇ. ಒಂದೇ ಪುಟದಲ್ಲಿ ಅಂತಹ ನಾಲ್ಕು ಗುಂಡಿಗಳಿದ್ದರೆ ಹಣ ಕಳುಹಿಸುವುದು ಯಾವುದು, ರದ್ದುಪಡಿಸುವುದು ಯಾವುದು ಎಂದು ತಿಳಿಯದೆ, ಬೇರೊಬ್ಬರ ಕೈಗೆ ಫೋನ್ ಕೊಟ್ಟು ಪಿನ್ ಹೇಳಬೇಕಾದ ಸ್ಥಿತಿ ಬರುತ್ತದೆ. ಹೊಸ ಆವೃತ್ತಿ ಬಂದಾಗ ಸರಿಯಿದ್ದ ಗುಂಡಿಯೂ ಹೆಸರು ಕಳೆದುಕೊಳ್ಳಬಹುದಾದ್ದರಿಂದ, ಒಮ್ಮೆ ಸರಿಪಡಿಸಿ ಕೈತೊಳೆದುಕೊಳ್ಳುವಂತೆಯೂ ಇಲ್ಲ.

ದಂಡ ಹೆಚ್ಚಿಸಿದರೆ ಸಣ್ಣ ಉದ್ಯಮಗಳು ನಲುಗುತ್ತವೆ ಎಂಬ ಆಕ್ಷೇಪಕ್ಕೆ, ವಹಿವಾಟಿನ ಪ್ರಮಾಣಕ್ಕೆ ತಕ್ಕಂತೆ ದಂಡ ನಿಗದಿಪಡಿಸುವುದೇ ಉತ್ತರ. ಕಾಯ್ದೆಯ ತಿದ್ದುಪಡಿಗೆ ಕಾಯದೆ ಹಿಡಿಯಬಹುದಾದ ದಾರಿಯೂ ಇದೆ. ಷೇರುಪೇಟೆ ನಿಯಂತ್ರಕ ‘ಸೆಬಿ’ 2025ರ ಜುಲೈ 31ರ ಸುತ್ತೋಲೆಯಲ್ಲಿ, ತನ್ನ ನಿಯಂತ್ರಣಕ್ಕೊಳಪಟ್ಟ ಸಂಸ್ಥೆಗಳ ಡಿಜಿಟಲ್ ವೇದಿಕೆಗಳು ಅಂಗವಿಕಲರ ಬಳಕೆಗೆ ಯೋಗ್ಯವಾಗಿರಬೇಕು, ಅವುಗಳ ತಪಾಸಣೆಯೂ ನಡೆಯಬೇಕು ಎಂದು ಸೂಚಿಸಿತು. ನೋಂದಣಿ ರದ್ದುಪಡಿಸುವ ಅಧಿಕಾರವುಳ್ಳ ನಿಯಂತ್ರಕರ ಮಾತಿಗೆ ಸಂಸ್ಥೆಗಳು ಕೊಡುವ ಬೆಲೆ 10,000 ರೂಪಾಯಿಯ ದಂಡಕ್ಕೆ ಎಂದೂ ಸಿಗದು. ಕರ್ನಾಟಕದಲ್ಲಿ ಅಂಗವಿಕಲರ ರಿಯಾಯಿತಿ ಬಸ್ ಪಾಸಿಗೂ ‘ಸೇವಾ ಸಿಂಧು’ ಜಾಲತಾಣದಲ್ಲೇ ಅರ್ಜಿ ಸಲ್ಲಿಸಬೇಕಿರುವುದರಿಂದ ರಾಜ್ಯ ಸರ್ಕಾರದ ಹೊಣೆಯೂ ಚಿಕ್ಕದಲ್ಲ: ತಂತ್ರಾಂಶ ಖರೀದಿಯ ಪ್ರತಿ ಟೆಂಡರ್‌ನಲ್ಲೂ, ಸ್ಕ್ರೀನ್ ರೀಡರ್ ಬಳಸುವವರು ಪರೀಕ್ಷಿಸಿ ಒಪ್ಪುವವರೆಗೆ ಗುತ್ತಿಗೆದಾರರ ಅಂತಿಮ ಬಿಲ್ ಪಾವತಿಸಲಾಗದು ಎಂಬ ಷರತ್ತನ್ನು ಅದು ಸೇರಿಸಬೇಕು.