ದೋಷಸಂದೇಶಕ್ಕೆ ಬೇಕಾದುದು ಅನುವಾದವಲ್ಲ, ಟೀಕು

ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ಸಂಶೋಧನೆಗೆ ಬರುವ ವಿದ್ಯಾರ್ಥಿಗೆ, ಲಿನಕ್ಸ್ ಗಣಕದಲ್ಲಿ ವೈಜ್ಞಾನಿಕ ತಂತ್ರಾಂಶವೊಂದನ್ನು ಮೂಲ ಕ್ರಮವಿಧಿಯಿಂದ ಸ್ಥಾಪಿಸುವ ಕೆಲಸವೇ ಹಲವೊಮ್ಮೆ ಮೊದಲ ತಡೆಯಾಗುತ್ತದೆ. ಕಂಪೈಲರ್ ನೂರಾರು ಸಾಲುಗಳ ದೋಷಸಂದೇಶಗಳನ್ನು ಇಂಗ್ಲಿಷಿನಲ್ಲಿ ಮುಂದಿಡುತ್ತದೆ. ಇವನ್ನು ಕನ್ನಡಕ್ಕೆ ಅನುವಾದಿಸಬೇಕೆಂಬ ಅಪೇಕ್ಷೆ ಸಹಜವಾದುದು. ಜಿಸಿಸಿ ಕಂಪೈಲರಿನ ಸಂದೇಶಗಳು ಜರ್ಮನ್, ಫ್ರೆಂಚ್, ಜಪಾನೀ ಭಾಷೆಗಳಲ್ಲಿ ದೊರೆಯುತ್ತವೆ, ಕನ್ನಡದಲ್ಲಿಲ್ಲ. ಆದರೆ ಅನುವಾದದಿಂದಲೇ ಈ ತೊಡಕು ನಿವಾರಣೆಯಾಗುತ್ತದೆಂದು ಭಾವಿಸಲಾಗದು.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. 2020ರಲ್ಲಿ ಬಿಡುಗಡೆಯಾದ ಜಿಸಿಸಿಯ 10ನೆಯ ಆವೃತ್ತಿಯಿಂದೀಚೆಗೆ ಅನೇಕ ಹಳೆಯ ಫೋರ್ಟ್ರಾನ್ ಕ್ರಮವಿಧಿಗಳು ಕಂಪೈಲ್ ಆಗದೆ ನಿಲ್ಲತೊಡಗಿದವು. ಒಂದೇ ಸಬ್‌ರುಟೀನನ್ನು ಒಂದೆಡೆ ಪೂರ್ಣಾಂಕ ಕೊಟ್ಟು, ಇನ್ನೊಂದೆಡೆ ದಶಮಾಂಶ ಸಂಖ್ಯೆ ಕೊಟ್ಟು ಕರೆಯುವುದನ್ನು ಹಿಂದಿನ ಆವೃತ್ತಿಗಳು ಸಾಮಾನ್ಯವಾಗಿ ಸಹಿಸಿಕೊಳ್ಳುತ್ತಿದ್ದವು. ಹೊಸ ಆವೃತ್ತಿ ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಕ್ರಮವಿಧಿಯಲ್ಲಿ ಒಂದಕ್ಷರವೂ ಬದಲಾಗಿಲ್ಲ. ಬದಲಾದುದು ಅದನ್ನು ಪರೀಕ್ಷಿಸುವ ನಿಯಮ. 'ಪ್ರಕಾರಗಳು ಹೊಂದುತ್ತಿಲ್ಲ' ಎಂಬ ಅಚ್ಚಗನ್ನಡದ ಸಂದೇಶವೂ ಈ ಹಿನ್ನೆಲೆಯನ್ನು ತಿಳಿಸಲಾರದು. 'ಎಫ್‌ಅಲೋ-ಆರ್ಗ್ಯುಮೆಂಟ್-ಮಿಸ್‌ಮ್ಯಾಚ್' ಎಂಬ ಆಯ್ಕೆಯನ್ನು ಸೇರಿಸಿದರೆ ದೋಷವು ಎಚ್ಚರಿಕೆಯ ಮಟ್ಟಕ್ಕಿಳಿಯುತ್ತದೆ. ಆದರೆ ಆ ವ್ಯತ್ಯಾಸ ನಿಜವಾದ ತಪ್ಪೇ ಆಗಿದ್ದರೆ, ತಂತ್ರಾಂಶ ಸ್ಥಾಪನೆಗೊಂಡು ತಪ್ಪು ಫಲಿತಾಂಶವನ್ನು ಕೊಡುತ್ತದೆ. ಆಗ ಸಂದೇಶವನ್ನು ಅಡಗಿಸಿದಂತಾಗುತ್ತದೆಯೇ ಹೊರತು ದೋಷವನ್ನು ತಿದ್ದಿದಂತಲ್ಲ.

ಸಂದೇಶವು ಯಾವ ಹಂತದ್ದೆಂಬ ವಿವೇಕವೂ ಮುಖ್ಯ. ಹೆಡರ್ ಕಡತ ದೊರೆಯಲಿಲ್ಲವೆಂಬುದು ಕಂಪೈಲ್ ಹಂತದ ದೋಷ. ಡೆಬಿಯನ್, ಉಬುಂಟುಗಳಲ್ಲಿ 'ಡೆವ್' ಎಂದು ಕೊನೆಗೊಳ್ಳುವ ಪ್ಯಾಕೇಜಿನ ಕೊರತೆಯೇ ಇದಕ್ಕೆ ಹಲವು ಸಲ ಕಾರಣ. 'ಅನ್‌ಡಿಫೈನ್ಡ್ ರೆಫರೆನ್ಸ್' ಎಂಬುದು ಜೋಡಣೆಯ ಹಂತದ್ದು. ಲೈಬ್ರರಿಯ ಹೆಸರನ್ನು ಬಿಟ್ಟಿರುವುದು ಅಥವಾ ತಪ್ಪು ಅನುಕ್ರಮದಲ್ಲಿ ಕೊಟ್ಟಿರುವುದು ಕಾರಣವಾಗಿರಬಹುದು. ಅಲ್ಲದೆ ಒಂದು ದೋಷ ಹತ್ತಾರು ದೋಷಗಳನ್ನು ಹುಟ್ಟಿಸುವುದರಿಂದ, ಕೊನೆಯ ಸಾಲನ್ನಲ್ಲ, ಮೊದಲ ದೋಷವನ್ನು ಹುಡುಕಬೇಕು. ಪ್ರತಿಗಳಲ್ಲಿ ಹರಡಿದ ಅಪಪಾಠದ ಮೂಲವನ್ನು ಶೋಧಿಸುವ ಗ್ರಂಥಸಂಪಾದಕನಿಗೆ ಈ ಕ್ರಮ ಅಪರಿಚಿತವಲ್ಲ.

ಆದ್ದರಿಂದ ಮೂಲ ಸಂದೇಶವನ್ನು ಇದ್ದಂತೆಯೇ ಉಳಿಸಿಕೊಂಡು, ಅದರ ಕೆಳಗೆ ಕನ್ನಡದ ಟೀಕನ್ನು ಒದಗಿಸುವುದೇ ಯುಕ್ತವೆನಿಸುತ್ತದೆ. ಪರಿಹಾರವನ್ನು ಅರಸುವಾಗ ಮೂಲದ ಮಾತುಗಳೇ ಬೇಕಾಗುತ್ತವೆ; ಅನ್ಯಭಾಷೆಯಲ್ಲಿ ಗಣಕವನ್ನು ಬಳಸುವವರೂ ನೆರವು ಕೇಳಬೇಕಾದಾಗ 'ಎಲ್‌ಸಿ_ಆಲ್=ಸಿ' ಎಂದು ನಿಗದಿಪಡಿಸಿ ಇಂಗ್ಲಿಷ್ ಸಂದೇಶವನ್ನೇ ಪಡೆಯುವುದುಂಟು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಸೂತ್ರಗಳಿಗೆ ತಾನೇ ವೃತ್ತಿಯನ್ನು ಬರೆದ. ಸೂತ್ರಪ್ರಾಯವಾದ ಮಾತಿಗೆ ವಿವರಣೆ ಬೇಕೆಂಬ ಅರಿವು ನಮ್ಮ ಶಾಸ್ತ್ರಪರಂಪರೆಗೆ ಹೊಸದಲ್ಲ.

ದೋಷ ಯಾವ ಹಂತದ್ದು, ಯಾವ ಆವೃತ್ತಿಯಿಂದ ಕಾಣಿಸಿಕೊಳ್ಳುತ್ತದೆ, ಏನನ್ನು ಪರಿಶೀಲಿಸಬೇಕು, ಅಡಗಿಸಿದರೆ ಆಗುವ ಹಾನಿ ಯಾವುದು ಎಂಬ ನಾಲ್ಕು ಅಂಶಗಳನ್ನಾದರೂ ಇಂತಹ ಟೀಕು ಒಳಗೊಂಡಿರಬೇಕು. ಆವೃತ್ತಿ ಬದಲಾದಂತೆ ಅದರ ಪರಿಷ್ಕರಣವೂ ಆಗಬೇಕು. ವಿಜ್ಞಾನ ವಿಭಾಗಗಳೂ ಕನ್ನಡ ವಿಭಾಗಗಳೂ ಒಟ್ಟಾಗಿ ಕೈಗೊಳ್ಳಬೇಕಾದ ಕಾರ್ಯವಿದು. ಪಾರಿಭಾಷಿಕ ಪದಗಳ ಪಟ್ಟಿಗಳನ್ನು ಸಿದ್ಧಪಡಿಸುವುದಕ್ಕಷ್ಟೇ ನಮ್ಮ ಹೊಣೆ ಮುಗಿಯಿತೆಂದು ತಿಳಿಯುವುದು ಸರಿಯಲ್ಲ.