ಕೋಲಿಲ್ಲದ ಪೊರಕೆ

ನಮ್ಮ ಕಾಲೊನಿಯ ವಾಟ್ಸಾಪ್ ಗುಂಪಿನಲ್ಲಿ ಮೂರು ವಾರದಿಂದ ಒಂದೇ ಚರ್ಚೆ: ಎಲೆ ಊದುವ ಬ್ಲೋವರ್ ಪೆಟ್ರೋಲಿನದು ತರಬೇಕೋ, ಬ್ಯಾಟರಿಯದೋ? ಲಿಂಗಂಪಲ್ಲಿ ಸ್ಟೇಷನ್ನಿನಿಂದ ಆಟೋದಲ್ಲಿ ಹತ್ತು ನಿಮಿಷದ ದೂರ. ಸಾಲಾಗಿ ಇಪ್ಪತ್ತೆರಡು ಮನೆ. ಪ್ರತಿ ಮನೆಯ ಮುಂದೆ ನಾಲ್ಕು ಚಾಪೆ ಹಾಸಿದಷ್ಟು ಲಾನ್, ಪಕ್ಕದಲ್ಲಿ ಕಾರು ಒಳಬರಲು ಸಿಮೆಂಟ್ ಬ್ಲಾಕ್ ಜೋಡಿಸಿದ ದಾರಿ. ಸುತ್ತ ಹೊಂಗೆ, ಬೇವು, ಮೂಲೆಯಲ್ಲಿ ಎರಡು ಕಾಡುಬಾದಾಮಿ. ಶಿವರಾತ್ರಿ ಹತ್ತಿರ ಬಂದರೆ ಬೆಳಿಗ್ಗೆ ಗುಡಿಸಿದ ಜಾಗ ಮಧ್ಯಾಹ್ನಕ್ಕೆ ಮತ್ತೆ ಎಲೆ.

‘ಇಷ್ಟು ಎಲೆಗೆ ಪೊರಕೆ ಸಾಲದು’ ಎಂದು ಒಬ್ಬರು ಬರೆದರು. ಹದಿನೈದು ಹೆಬ್ಬೆರಳು ಮೇಲೆದ್ದವು. ಆಮೇಲೆ ಲಿಂಕುಗಳ ಸುರಿಮಳೆ. ಬೆಲೆ, ವಾರಂಟಿ, ಬಣ್ಣ ಎಲ್ಲವನ್ನೂ ಅಳೆದರು. ಗುಡಿಸುವಾಕೆಗೆ ಏನು ಬೇಕು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನಾನು ಕೇಳಿದೆ. ನನ್ನದೇನೂ ದೊಡ್ಡತನವಲ್ಲ. ಆಕೆ ನಾರಾಯಣಖೇಡ್ ಕಡೆಯವರು, ಬೀದರಿನ ಗಡಿ. ಬೆಳಗಿನ ಹೊತ್ತು ನನಗೆ ಇಲ್ಲಿ ಕನ್ನಡ ಮಾತಾಡಲು ಸಿಗುವವರು ಅವರೊಬ್ಬರೇ. ಹಾಗೆ ಮಾತು ಬಂತು. ‘ಮಷೀನ್ ಬ್ಯಾಡ್ರಿ. ಕಸಬರಗಿಗಿ ಒಂದ್ ಉದ್ದನ್ನ ಬಡಗಿ ಕಟ್ಟಸ್ರಿ, ಸಾಕು’ ಅಂದರು.

ಆರು ವರ್ಷದಿಂದ ಅವರು ಇಲ್ಲಿ ಗುಡಿಸುತ್ತಿದ್ದಾರೆ, ಮೊಣಕೈ ಉದ್ದದ ತೆಂಗಿನಕಡ್ಡಿ ಪೊರಕೆಯಲ್ಲಿ, ಸೊಂಟ ಮುರಿದು ಬಗ್ಗಿ. ಗೇಟಿನಿಂದಾಚೆ ಮುಖ್ಯರಸ್ತೆ ಗುಡಿಸುವ ನಗರಪಾಲಿಕೆಯ ಹೆಂಗಸರ ಕೈಯಲ್ಲಿ ಅದೇ ತೆಂಗಿನಕಡ್ಡಿ ಉದ್ದ ಬಿದಿರಿನ ತುದಿಗಿದೆ, ಅವರು ನೆಟ್ಟಗೆ ನಿಂತೇ ಗುಡಿಸುತ್ತಾರೆ. ಅದನ್ನು ದಿನಾ ಕಾರಿನ ಗಾಜಿನಾಚೆ ನೋಡುವ ನಮಗೆ ಗೇಟಿನ ಒಳಗೆ ಅದು ನೆನಪಾಗುವುದಿಲ್ಲ.

ನನ್ನ ಹೊಟ್ಟೆಪಾಡು ಅನುವಾದ. ತೋಟದ ಯಂತ್ರಗಳ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವನು ನಾನೇ. ‘ನೀವು ಕಿವಿರಕ್ಷಕ ಧರಿಸಿ’, ‘ನೀವು ಕನ್ನಡಕ ಹಾಕಿಕೊಳ್ಳಿ’, ‘ನೀವು ಹತ್ತಿರದಲ್ಲಿ ಜನರಿಲ್ಲವೆಂದು ಖಚಿತಪಡಿಸಿಕೊಳ್ಳಿ’ ಎಂದು ಪುಟಗಟ್ಟಲೆ ಬರೆದೆ. ಈ ‘ನೀವು’ ಯಾರು? ಕೈಪಿಡಿ ಓದುವವರು ಯಂತ್ರ ಹಿಡಿಯುವುದಿಲ್ಲ. ಯಂತ್ರ ಹಿಡಿಯುವವರಿಗೆ ಕೈಪಿಡಿ ಸಿಗುವುದಿಲ್ಲ, ಅದು ಬಿಲ್ಲಿನ ಜೊತೆ ಕಾರ್ಯದರ್ಶಿಯ ಡ್ರಾಯರಿನಲ್ಲಿರುತ್ತದೆ. ಕನ್ನಡದಲ್ಲಿ ಇನ್ನೊಂದು ಮಜಾ ಇದೆ. ಮನೆ ‘ಕಟ್ಟಿಸಿದೆ’, ಅಂಗಿ ‘ಹೊಲಿಸಿದೆ’ ಅನ್ನುವಾಗ ಆ ‘ಇಸು’ ಪ್ರತ್ಯಯ, ಕೆಲಸ ಮಾಡಿದವರು ಬೇರೆಯವರು ಎಂದು ಒಪ್ಪಿಕೊಳ್ಳುತ್ತದೆ. ‘ಗುಡಿಸು’ವಿನ ಕೊನೆಗೆ ಅದೇ ಸದ್ದು ಮೊದಲೇ ಕೂತಿದೆ, ಇನ್ನೊಂದು ‘ಇಸು’ ನಾಲಿಗೆಗೆ ಒಗ್ಗುವುದಿಲ್ಲ. ಹಾಗಾಗಿ ಪೊರಕೆ ಮುಟ್ಟದವರೂ ಸಲೀಸಾಗಿ ‘ನಾವು ದಿನಾ ಅಂಗಳ ಗುಡಿಸ್ತೀವಿ’ ಅನ್ನುತ್ತಾರೆ. ನಾನೂ ಅಂದಿದ್ದೇನೆ.

ಹೋದ ತಿಂಗಳು ಆಕೆ ಸೊಂಟ ಹಿಡಿದು ಹತ್ತು ದಿನ ಬರಲಿಲ್ಲ. ಸಂಘದವರು ಹತ್ತು ದಿನದ ಪಗಾರ ಹಿಡಿದರು. ನಮ್ಮ ಮನೆಯ ಮುಂದೆ ನಾನು ಗುಡಿಸಿದೆ. ಎರಡನೇ ದಿನಕ್ಕೇ ಬೆನ್ನಿನ ಕೆಳಗೆ ಹಿಡಿದುಕೊಂಡಿತು. ಮೂರನೇ ದಿನ ಬಿದಿರಿನ ಕೋಲೊಂದನ್ನು ತಂದು ಪೊರಕೆಯ ಬುಡವನ್ನು ಬೀಸಣಿಗೆಯಂತೆ ಹರಡಿ ತಂತಿಯಿಂದ ಬಿಗಿದೆ. ಮೊದಲ ಕಟ್ಟು ಸಡಿಲವಾಗಿ ಕಡ್ಡಿಗಳು ತಿರುಗಿದವು. ಕೋಲಿಗೆ ಅಡ್ಡ ಮೊಳೆ ಹೊಡೆದು ತಂತಿಯನ್ನು ಅದಕ್ಕೆ ಸುತ್ತಿದ ಮೇಲೆ ನಿಂತಿತು. ಕೋಲು ನೆಲದಿಂದ ಗದ್ದದವರೆಗೆ ಬಂದರೆ ಅಳತೆ ಸರಿ. ಅದಕ್ಕಿಂತ ಗಿಡ್ಡವಾದರೆ ಮತ್ತೆ ಬಗ್ಗಬೇಕು.

ಆ ಹತ್ತು ದಿನದಲ್ಲಿ ಕಲಿತ ಇನ್ನೊಂದು ಸಂಗತಿ, ಡ್ರೈವ್‌ವೇ ಮತ್ತು ಲಾನ್ ಎರಡಕ್ಕೂ ಒಂದೇ ಸಲಕರಣೆ ನಡೆಯುವುದಿಲ್ಲ. ಬ್ಲಾಕುಗಳ ಸಂದಿನಲ್ಲಿ ಸಿಕ್ಕಿಕೊಂಡ ಬೇವಿನ ಎಸಳನ್ನು ತೆಂಗಿನಕಡ್ಡಿಯ ಚೂಪೇ ಎಬ್ಬಿಸಬೇಕು. ಮೇಘಾಲಯ, ಅಸ್ಸಾಮಿನ ಕಡೆಯಿಂದ ಬರುವ ಹುಲ್ಲಿನ ಪೊರಕೆ ಒಳಮನೆಯ ನೆಲಕ್ಕೆ ಸರಿ, ಇಲ್ಲಿ ಎರಡು ವಾರಕ್ಕೆ ಬೋಳು. ಅದೇ ತೆಂಗಿನಕಡ್ಡಿಯನ್ನು ಲಾನಿನ ಮೇಲೆ ಒತ್ತಿ ಎಳೆದರೆ ಎಲೆಗಿಂತ ಹುಲ್ಲೇ ಹೆಚ್ಚು ಕಿತ್ತುಬರುತ್ತದೆ. ಲಾನಿಗೆ ಬೇಕಾದದ್ದು ಬೀಸಣಿಗೆಯಂತೆ ಹಲ್ಲು ಹರಡಿದ, ಬಾಗುವ ತಂತಿಯ ರೇಕ್. ಎರಡು ಗಾಲಿ, ತಿರುಗುವ ಬ್ರಷ್ ಇರುವ ತಳ್ಳುವ ಸ್ವೀಪರನ್ನು ಗೆಳೆಯರ ಅಪಾರ್ಟ್‌ಮೆಂಟಿನಿಂದ ತಂದು ನೋಡಿದೆ. ಒಣ, ಸಮತಟ್ಟಾದ ಪಾರ್ಕಿಂಗ್ ನೆಲದಲ್ಲಿ ಚೆನ್ನಾಗಿ ಓಡುವಂಥದ್ದು, ನಮ್ಮ ಏರುಪೇರಿನ ಬ್ಲಾಕುಗಳ ಮೇಲೆ ಒದ್ದೆ ಎಲೆ ಸಿಕ್ಕಿದ್ದೇ ಬ್ರಷ್ ಕಚ್ಚಿಕೊಂಡಿತು. ನೆಲಮಾಳಿಗೆಯ ಪಾರ್ಕಿಂಗ್ ಇರುವವರು ತೆಗೆದುಕೊಳ್ಳಲಿ, ನನ್ನ ತಕರಾರಿಲ್ಲ.

ತಕರಾರಿರುವುದು ಬ್ಲೋವರಿನ ಬಗ್ಗೆ. ಅದು ಗುಡಿಸುವುದಿಲ್ಲ, ಊದುತ್ತದೆ. ಗಂಟೆಗೆ 200 ಕಿಲೋಮೀಟರಿಗೂ ಹೆಚ್ಚಿನ ವೇಗದ ಗಾಳಿ ಎಂದು ಕ್ಯಾಟಲಾಗ್ ಜಂಬ ಕೊಚ್ಚುತ್ತದೆ. ಆ ಗಾಳಿಗೆ ಎಲೆಯೊಂದೇ ಅಲ್ಲ, ನೆಲಕ್ಕಂಟಿದ ಧೂಳು, ಒಣಗಿದ ನಾಯಿಮಲ, ಟಯರಿನ ಪುಡಿ ಎಲ್ಲ ಮೇಲೆದ್ದು ಪಕ್ಕದ ಮನೆಯ ಒಗೆದ ಬಟ್ಟೆಯ ಮೇಲೆ ಕೂರುತ್ತದೆ. ಎಲೆ ಮೂಲೆ ಸೇರಿದ ಮೇಲೂ ಅದನ್ನು ಬುಟ್ಟಿಗೆ ತುಂಬಲು ಯಾರೋ ಬಗ್ಗಲೇಬೇಕು. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಪೆಟ್ರೋಲ್ ಬ್ಲೋವರ್ ಹಿಡಿದವರ ಕಿವಿಯ ಹತ್ತಿರ ಅದು ಸಾಮಾನ್ಯವಾಗಿ 90 ದಾಟುತ್ತದೆ. ನಮ್ಮ ಗುಂಪಿನಲ್ಲಿ ಇದನ್ನು ‘ಅಮೆರಿಕದಲ್ಲಿ ಎಲ್ಲರ ಮನೆಯಲ್ಲೂ ಇದೆ’ ಎಂದು ಸಮರ್ಥಿಸಿದರು. ಅದೇ ಅಮೆರಿಕದ ರಾಜಧಾನಿ ವಾಷಿಂಗ್ಟನ್ 2022ರ ಜನವರಿಯಿಂದ ಪೆಟ್ರೋಲ್ ಬ್ಲೋವರನ್ನು ನಿಷೇಧಿಸಿದೆ. ಅಲ್ಲಿಯವರು ಬೇಸತ್ತು ಬಿಟ್ಟದ್ದನ್ನು ನಾವು ಇಎಂಐ ಮೇಲೆ ತರುತ್ತಿದ್ದೇವೆ.

‘ನೀವು ಪೊರಕೆಯನ್ನು ವೈಭವೀಕರಿಸುತ್ತೀರಿ, ಯಂತ್ರ ಹೆಂಗಸರನ್ನು ಈ ಕತ್ತೆದುಡಿತದಿಂದ ಬಿಡಿಸುತ್ತದೆ’ ಎಂದು ಒಬ್ಬರು ಛೇಡಿಸಿದರು. ಮಾತು ತೂಕದ್ದು. ಮಿಕ್ಸಿ ಬಂದು ಒರಳುಕಲ್ಲಿನಿಂದ ನಮ್ಮ ಅಮ್ಮಂದಿರನ್ನು ಎಬ್ಬಿಸಿತು, ಅದನ್ನು ನಾನು ಮರೆತಿಲ್ಲ. ಆದರೆ ಮಿಕ್ಸಿ ಅದೇ ಅಮ್ಮನ ಕೈಗೆ ಬಂತು. ನಮ್ಮ ಸಂಘದ ಪ್ರಸ್ತಾಪದ ಮೂರನೇ ಸಾಲು ಓದಿ: ಬ್ಲೋವರ್ ಬಂದ ಮೇಲೆ ಗುತ್ತಿಗೆದಾರರ ಹುಡುಗನೊಬ್ಬ ವಾರಕ್ಕೆ ಮೂರು ದಿನ ಬರುತ್ತಾನೆ, ‘ಈಗಿನ ವ್ಯವಸ್ಥೆಯನ್ನು ಕೈಬಿಡಲಾಗುವುದು’. ಆ ‘ವ್ಯವಸ್ಥೆ’ಗೆ ಐವತ್ತು ದಾಟಿದೆ, ಆಕೆಯ ಮೊಮ್ಮಗಳ ಶಾಲೆಯ ಫೀಸು ಈ ಪಗಾರದಿಂದ ಹೋಗುತ್ತದೆ. ಬ್ಯಾಟರಿ ಬ್ಲೋವರನ್ನೇ ತಂದು, ಕಿವಿರಕ್ಷಕದ ಸಮೇತ ಆಕೆಗೇ ಕೊಟ್ಟು, ಪಗಾರ ಹಾಗೇ ಇಡಿ. ನಾನು ಈ ಲೇಖನ ಹಿಂದೆ ತೆಗೆದುಕೊಳ್ಳುತ್ತೇನೆ.

ಎಲೆಯ ಮಾತನ್ನೂ ಆಡಬೇಕು. ನಾನು ಶಿಕಾರಿಪುರದ ಕಡೆಯವನು. ನಮ್ಮ ಮಲೆನಾಡಿನಲ್ಲಿ ಉದುರಿದ ಎಲೆಗೆ ದರಗು ಎಂಬ ಹೆಸರಿದೆ. ಅದನ್ನು ಗುಡಿಸಿ, ಕಲ್ಲಿಗೆ ತುಂಬಿ ಹೊತ್ತು ತಂದು ಕೊಟ್ಟಿಗೆಗೆ ಹಾಸುತ್ತಾರೆ, ಅದು ಗೊಬ್ಬರವಾಗಿ ಅಡಿಕೆ ತೋಟಕ್ಕೆ ಹೋಗುತ್ತದೆ. ಇಲ್ಲಿ ಅದೇ ವಸ್ತುವನ್ನು ಕಪ್ಪು ಪ್ಲಾಸ್ಟಿಕ್ಕಿಗೆ ತುಂಬುತ್ತಾರೆ, ಇಲ್ಲವೇ ಕಾಂಪೌಂಡಿನ ಹಿಂದೆ ಬೆಂಕಿ ಇಡುತ್ತಾರೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ತೋಟದ ಕಸವನ್ನು ನಮ್ಮ ಆವರಣದಲ್ಲಿ ಬೇರೆಯಾಗಿ ಇಡಬೇಕು, ಬೀದಿಯಲ್ಲಿ ಸುಡಬಾರದು ಎಂದಿತ್ತು. ಇಪ್ಪತ್ತೆರಡು ಮನೆಗೆ ಇಟ್ಟಿಗೆ ಜಾಲರಿಯ ಎರಡು ಗೂಡು ಸಾಕು. ತಳದಲ್ಲಿ ಎಲೆ, ಮೇಲೆ ಒಂದಿಷ್ಟು ಸಗಣಿ ನೀರು. ಮಳೆಗಾಲ ಮುಗಿಯುವ ಹೊತ್ತಿಗೆ ನಿಮ್ಮ ಲಾನಿಗೆ ನೀವು ಚೀಲಗಟ್ಟಲೆ ಕೊಳ್ಳುವ ಗೊಬ್ಬರ ಅಲ್ಲೇ ಇರುತ್ತದೆ. ಕಾಡುಬಾದಾಮಿಯ ದಪ್ಪ ಎಲೆ ಮಾತ್ರ ನಿಧಾನ, ಅದನ್ನು ತುಳಿದು ಪುಡಿಮಾಡಿ ಹಾಕಬೇಕು.

ನಮ್ಮೂರಿನ ಪಕ್ಕದ ಹಿರೇಜಂಬೂರಿನ ಸತ್ಯಕ್ಕ ಹನ್ನೆರಡನೇ ಶತಮಾನದಲ್ಲಿ ಶರಣರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡವಳು ಎನ್ನುತ್ತಾರೆ. ದಾರಿಯಲ್ಲಿ ಬಿದ್ದ ಹೊನ್ನನ್ನು ಕೈಯಿಂದ ಮುಟ್ಟೆ ಎಂದು ವಚನ ಹೇಳಿದವಳು. ದಾರಿಯ ಮೇಲೇ ಕಣ್ಣಿಟ್ಟು ದುಡಿಯುವವರಿಗಷ್ಟೇ ಹೊಳೆಯುವ ಮಾತು ಅದು. ಅವಳ ಹೆಸರನ್ನು ಭಾಷಣಗಳಲ್ಲಿ ಹೇಳುತ್ತೇವೆ. ಪೊರಕೆಯನ್ನು ಲಕ್ಷ್ಮಿ ಎನ್ನುತ್ತೇವೆ, ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಅದಕ್ಕೊಂದು ಕೋಲು ಕಟ್ಟಲು ಮಾತ್ರ ಆರು ವರ್ಷ ನಮ್ಮಲ್ಲಿ ಯಾರಿಗೂ ಕೈ ಬರಲಿಲ್ಲ.

ಭಾನುವಾರ ಸಂಘದ ಸಭೆ ಇದೆ. ಎರಡು ಕೋಲು ಪೊರಕೆ, ಒಂದು ರೇಕ್, ಒಂದು ಗಾಲಿಬುಟ್ಟಿಯ ಬಿಲ್ಲು ಹಿಡಿದು ಹೋಗುತ್ತಿದ್ದೇನೆ, ಎಲ್ಲ ಸೇರಿ ಬ್ಲೋವರಿನ ಅರ್ಧ ಬೆಲೆಯೂ ಇಲ್ಲ. ಹಿಡಿದಿಟ್ಟ ಹತ್ತು ದಿನದ ಪಗಾರವನ್ನೂ ಕೇಳುವವನಿದ್ದೇನೆ. ಆಕೆಯನ್ನೂ ಕರೆದೆ. ‘ಬರ್ತೀನ್ರಿ, ಆದ್ರ ಅಷ್ಟ್ ಹೊತ್ತಿಂದು ಪಗಾರ ಹಿಡೀತಾರೇನು?’ ಎಂದು ಕೇಳಿದರು. ಅದನ್ನು ಗುಂಪಿನಲ್ಲಿ ಹಾಕಿ ಎರಡು ದಿನವಾಯಿತು. ಇಪ್ಪತ್ತೊಂದು ಜನ ಓದಿದ್ದಾರೆಂದು ಫೋನು ತೋರಿಸುತ್ತಿದೆ.